ಹಿಡಿ ಯಾರ ಕಡೆ ಇತ್ತು

ಫೆಬ್ರವರಿ 12

ಪದಕೋಶ ಕಚೇರಿಯ ಸಹಸಂಪಾದಕರಿಗೆ,

ಮಾತು ಕೊಟ್ಟದ್ದು: ಪುಸ್ತಕದ ಹಾಳೆ ಮಡಿಸುವ ನಮ್ಮ ಹಾಲಿಗೆ ಒಂದು ಕಿಟಕಿ. ಸಿಕ್ಕಿದ್ದು: ಕಿಟಕಿ ಬರಬೇಕಿದ್ದ ಗೋಡೆಗೆ ಹೊಸ ಸುಣ್ಣ.

ಮಾತು ಕೊಟ್ಟದ್ದು: ಅಂಟಿನ ಹೊಗೆ ಎಳೆಯುವ ಫ್ಯಾನು. ಸಿಕ್ಕಿದ್ದು: ಫ್ಯಾನು ಬರುವ ತನಕ ಬಾಗಿಲು ತೆರೆದಿಡಬಹುದೆಂಬ ಅಪ್ಪಣೆ. ಆಮೇಲೆ ಕಾಗದದ ಮೇಲೆ ಧೂಳು ಕೂರುತ್ತದೆಂದು ಬಾಗಿಲನ್ನೂ ಮುಚ್ಚಿಸಿದರು.

ಮಾತು ಕೊಟ್ಟದ್ದು: ಹೊಲಿಯುವವರಿಗೆ ಬೆನ್ನಿರುವ ಕುರ್ಚಿ. ಸಿಕ್ಕಿದ್ದು: ಬೆನ್ನು ನೋವಿನ ಮುಲಾಮು. ಅದೂ ಒಂದೇ ಡಬ್ಬಿ, ಮೇಲ್ವಿಚಾರಕನ ಮೇಜಿನ ಮೇಲೆ.

ಮಾತು ಕೊಟ್ಟದ್ದು: ನಮ್ಮ ಬೇಡಿಕೆಯ ಕಾಗದಕ್ಕೆ ನಿಮ್ಮ ಸಹಿ. ಸಿಕ್ಕಿದ್ದು: ಆ ದಿನ ನೀವು ರಜೆ.

ಇಷ್ಟು ಹಳೆಯ ಸುದ್ದಿ. ಹೊಸ ಸುದ್ದಿಯನ್ನು ಅತ್ತೆ ಹೇಳಿರುತ್ತಾರೆ, ಅವರ ಮಸಾಲೆ ಸೇರಿಸಿ. ನಾನು ಮಸಾಲೆ ಇಲ್ಲದೆ ಹೇಳುತ್ತೇನೆ. ಬೈಂಡಿಂಗ್ ಮನೆಯ ಗೇಟಿನ ಎದುರು ಕೂತೆವು. ಪೊಲೀಸರು ಬಂದರು. ಎಲ್ಲರನ್ನೂ ಎಬ್ಬಿಸಿದರು. ಸಂಜೆಗೆ ಎಲ್ಲರನ್ನೂ ಬಿಟ್ಟರು, ನನ್ನೊಬ್ಬಳನ್ನು ಬಿಟ್ಟು. ನನ್ನ ಏಪ್ರನ್ನಿನ ಜೇಬಿನಲ್ಲಿ ಮಡಿಚುವ ಚಾಕು ಇತ್ತು. ಇರದೆ ಏನು? ದಾರ ಕತ್ತರಿಸುವುದು ಅದರಲ್ಲಿ, ಮಡಿಕೆ ಸೀಳುವುದು ಅದರಲ್ಲಿ, ರಟ್ಟಿನ ಮೂಲೆ ಕೆತ್ತುವುದು ಅದರಲ್ಲಿ. ಆದರೆ ಪೊಲೀಸರ ವರದಿಯಲ್ಲಿ ಅದು ‘ಮಾರಕಾಯುಧ’. ಆ ಒಂದು ಪದ ಇರುವ ತನಕ ಜಾಮೀನು ಇಲ್ಲ ಎಂದು ನಮ್ಮ ವಕೀಲರು ಹೇಳಿದರು. ಅಪರಾಧ ಸಾಬೀತಾದರೆ ವರ್ಷಗಟ್ಟಲೆ ಇಲ್ಲೇ.

ಸರ್ಕಾರದ ವಕೀಲ ಒಂದು ಹಳೆಯ ಪದಕೋಶ ತಂದು ಓದಿದ. ‘ಚಾಕು: ಚಿಕ್ಕ ಕತ್ತಿ, ಕೈಯಾಯುಧ.’ ನೀವು ಹುಟ್ಟುವ ಮೊದಲು ಅಚ್ಚಾದ ಪುಸ್ತಕ ಅದು.

ಅರ್ಥ ಬರೆಯುವುದೇ ನಿಮ್ಮ ಕೆಲಸ. ಚಾಕು ಅಂದರೆ ಏನು ಅಂತ ಬರೆದು ಕಳಿಸಿ. ಅಪ್ಪನಾಗಿ ಬೇಡ. ಕಚೇರಿಯವರಾಗಿ ಸಾಕು.

ಇಂತಿ,
ಮಡಿಸುವ ಹಾಲಿನ ಕೆಲಸಗಾರ್ತಿ

*

ಫೆಬ್ರವರಿ 21

ಪುಟ್ಟಿಗೆ,

ನಿನ್ನ ಪತ್ರವನ್ನು ಅತ್ತೆ ತಂದುಕೊಟ್ಟಳು. ಕೊಟ್ಟು ಸುಮ್ಮನೆ ಹೋಗುವವಳೇ ಅವಳು. ಬಾಗಿಲಲ್ಲಿ ನಿಂತು, “ಮಗಳು ಜೈಲಲ್ಲಿ, ನೀನು ‘ಚ’ದಲ್ಲಿ. ಇಬ್ಬರೂ ಯಾವಾಗ ಹೊರಗೆ ಬರ್ತೀರೋ” ಎಂದಳು.

‘ಚ’ ಮುಗಿದು ವರ್ಷವಾಯಿತೆಂದು ಅವಳಿಗೆ ಹೇಗೆ ಹೇಳಲಿ. ನಮ್ಮ ಹೊಸ ಪದಕೋಶದ ‘ಚ’ ಅಚ್ಚಾಗಿ, ಹಾಳೆ ಹಾಳೆಯಾಗಿ, ನಿಮ್ಮ ಹಾಲಿನಲ್ಲಿಯೇ ಬಿದ್ದಿದೆ. ಅರ್ಧ ಮಡಿಸಿದ್ದೀರಿ, ಹೊಲಿದಿಲ್ಲ. ಗೇಟಿಗೆ ಬೀಗ. ನೀನು ಕೇಳಿದ ಅರ್ಥ ಆ ಬೀಗದ ಹಿಂದೆ ಕತ್ತಲೆಯಲ್ಲಿ ಮಲಗಿದೆ. ಬಹುಶಃ ನೀನೇ ಮಡಿಸಿದ ಹಾಳೆಯಲ್ಲಿ.

ಆದರೂ ನೆನಪಿನಿಂದ ಬರೆಯುತ್ತೇನೆ. ‘ಚಾಕು’ ನಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. ಪಾರ್ಸಿ, ಅಂದರೆ ಪರ್ಷಿಯನ್ ನುಡಿಯಿಂದ ಬಂತು. ಪಾರ್ಸಿಗೆ ತುರ್ಕಿ ನುಡಿಗಳಿಂದ ಬಂದಿರಬೇಕು, ಅಲ್ಲಿ ಇಂದಿಗೂ ಅದರ ಒಡಹುಟ್ಟಿದ ಪದಕ್ಕೆ ಮಡಿಚಿ ಜೇಬಿಗೆ ಹಾಕುವ ಚಾಕು ಎಂದೇ ಅರ್ಥ. ಬೆಂಕಿಕಲ್ಲನ್ನು ಹೊಡೆಯುವುದಕ್ಕೆ ಅವರಲ್ಲಿ ಹತ್ತಿರದ ಕ್ರಿಯಾಪದವಿದೆ. ಎರಡಕ್ಕೂ ನಂಟು ಎಂದು ಕೆಲವರು ಹೇಳುತ್ತಾರೆ. ನಾನು ಅಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೇನೆ. ‘ಚೂರಿ’ ಸಂಸ್ಕೃತದ ಕಡೆಯದು, ಕ್ಷೌರದ ಬಂಧು. ‘ಕತ್ತಿ’ ನಮ್ಮದೇ, ಅಕ್ಕಪಕ್ಕದ ಸೋದರ ನುಡಿಗಳಲ್ಲೂ ಇದೆ.

ಮಧ್ಯಾಹ್ನ ಪದಗಳ ಕಾರ್ಡು ಇಟ್ಟ ಡ್ರಾಯರು ಎಳೆದು ಕೂತಿದ್ದವನಿಗೆ ಕಣ್ಣು ಹತ್ತಿತು. ಒಂದು ಹಿಮದ ಕಣಿವೆ. ಹೇಸರಗತ್ತೆಗಳ ಸಾಲು. ಕೊನೆಯಲ್ಲಿ ಒಬ್ಬಂಟಿಯಾಗಿ ಆ ಪದ ನಡೆದು ಬರುತ್ತಿತ್ತು, ಅಲಗನ್ನು ಒಳಗೆ ಮಡಿಚಿಕೊಂಡು, ಚಳಿಗೆ ಕೈ ಮುದುಡಿಕೊಂಡವರ ಹಾಗೆ. ಎಲ್ಲಿಗೆ ಎಂದು ಕೇಳಿದೆ. ಗೊತ್ತಿಲ್ಲ, ಯಾರ ಜೇಬು ಸಿಕ್ಕರೆ ಅಲ್ಲಿಗೆ ಎಂದಿತು.

ಆಯುಧವೋ ಉಪಕರಣವೋ ಎಂದರೆ, ಪುಟ್ಟಿ, ಪದಕ್ಕೆ ಅದು ಗೊತ್ತಿರುವುದಿಲ್ಲ. ಎರಡು ಅರ್ಥಕ್ಕೂ ನನ್ನ ಹತ್ತಿರ ಉದಾಹರಣೆಯ ಕಾರ್ಡುಗಳಿವೆ. ಒಂದನ್ನು ಮುಚ್ಚಿಟ್ಟು ಬರೆಯಲಾರೆ.

ಸ್ವೆಟರು ಕಳಿಸಿದ್ದೇನೆ.

ನಿನ್ನ
ಅಪ್ಪ

*

ಮಾರ್ಚ್ 3

ಅಪ್ಪ ಅವರಿಗೆ,

ಸ್ವೆಟರು ತಲುಪಿತು. ಪತ್ರವೂ ತಲುಪಿತು, ಮೂರು ಸಾಲು ಕಡಿಮೆಯಾಗಿ. ಬೈಂಡಿಂಗ್ ಮನೆಯ ವಿಷಯ ಬಂದಲ್ಲೆಲ್ಲ ಜೈಲಿನವರ ಕತ್ತರಿ ಆಡಿದೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಮೂರು ಪುಟ್ಟ ಕಿಂಡಿ. ಬೆಳಗ್ಗೆ ಅದರೊಳಗಿಂದ ಬಿಸಿಲು ನೆಲಕ್ಕೆ ಬೀಳುತ್ತದೆ. ನೀವು ಬರೆದದ್ದಕ್ಕಿಂತ ಅವರು ಕತ್ತರಿಸಿದ್ದೇ ನನಗೆ ಹೆಚ್ಚು ಬೆಳಕು ಕೊಡುತ್ತಿದೆ ಎಂದರೆ ಕೋಪ ಮಾಡಿಕೊಳ್ಳಬೇಡಿ.

ಪತ್ರಗಳನ್ನು ಓದಿ ಒಳಗೆ ಬಿಡುವ ಇಲ್ಲಿಯ ಮೇಟ್ರನ್ ನನ್ನನ್ನು ಕರೆಸಿದರು. ಒಳ್ಳೆಯವರೇ, ಅನುಮಾನ ಮಾತ್ರ ಜಾಸ್ತಿ.

“ಈ ತುರ್ಕಿಯವರು ಯಾರು? ನಿಮ್ಮ ಯೂನಿಯನ್ನವರಾ?”

“ಅಲ್ಲ ಮೇಡಂ. ಅದು ಭಾಷೆ.”

“ಹಿಮದ ಕಣಿವೆ ದಾಟಿ ಬಂತು ಅಂತಿದೆಯಲ್ಲ. ಯಾರು ದಾಟಿದ್ದು?”

“ಪದ ಮೇಡಂ.”

“ಪದಕ್ಕೆ ಯಾಕಮ್ಮ ಅಷ್ಟು ದೂರದ ಉಸಾಬರಿ? ಕಾಗದಪತ್ರ ಇತ್ತಾ ಅದಕ್ಕೆ?”

ಇರಲಿಲ್ಲ ಎಂದೆ. “ಹಾಗಾದರೆ ಅದನ್ನೂ ನಿನ್ನ ಜೊತೆ ಒಳಗೆ ಹಾಕಬೇಕಿತ್ತು” ಎಂದು ನಕ್ಕು ಕಳಿಸಿದರು.

ನೀವು ನಗಬೇಡಿ. ಎರಡು ಅರ್ಥಕ್ಕೂ ಕಾರ್ಡು ಇದೆ ಎಂದು ಬರೆದಿದ್ದೀರಿ. ಹೊಟ್ಟೆ ತುಂಬಿದವರ ನ್ಯಾಯ ಅದು. ತಕ್ಕಡಿಯ ಎರಡು ತಟ್ಟೆಯೂ ಸಮ ಎಂದು ಹೇಳುವವನು ತಕ್ಕಡಿ ಯಾರ ಕೈಯಲ್ಲಿದೆ ಎಂದು ನೋಡುವುದಿಲ್ಲ. ನನ್ನ ಜೇಬಿನಲ್ಲಿದ್ದರೆ ಆಯುಧ. ಮಾಲೀಕನ ಮೇಜಿನ ಮೇಲೆ, ಲಕೋಟೆ ಹರಿಯುವುದಕ್ಕೆ ಇಟ್ಟುಕೊಂಡರೆ ಏನು? ಅದಕ್ಕೊಂದು ಬೇರೆ ಕಾರ್ಡು ಇದೆಯಾ?

ನಿಮ್ಮ ಪದಕೋಶದಲ್ಲಿ ಚಾಕರಿ ಆದ ಮೇಲೆ ತಾನೇ ಚಾಕು ಬರುವುದು? ಹಾಳೆ ಮಡಿಸುವಾಗ ನೋಡಿದ್ದೇನೆ. ಅವರಿಬ್ಬರಿಗೂ ಏನು ಸಂಬಂಧ?

ನಿಮ್ಮ
ಮಗಳು

*

ಮಾರ್ಚ್ 16

ಪುಟ್ಟಿಗೆ,

ಚಾಕರಿ, ಚಾಕು ಇಬ್ಬರೂ ಬಂದದ್ದು ಪಾರ್ಸಿಯ ಬಾಗಿಲಿನಿಂದಲೇ. ಅಕ್ಕಪಕ್ಕದ ಮನೆ, ಆದರೆ ಸಂಬಂಧಿಕರಲ್ಲ.

ಬೇರೆಯವರ ಮನೆಯಲ್ಲಿ ಇದನ್ನು ಏನೆಂದು ಕರೆಯುತ್ತಾರೆ ಎಂದು ಹುಡುಕಿದೆ. ಇಂಗ್ಲಿಷಿನಲ್ಲಿ ಒಂದು ಹೆಸರು ‘ಪೆನ್ ನೈಫ್’. ಹಕ್ಕಿಯ ಗರಿಯನ್ನು ಕೆತ್ತಿ ಲೇಖನಿ ಮಾಡುತ್ತಿದ್ದ ಚಾಕು. ಗರಿಯ ಲೇಖನಿ ಸತ್ತು ಕಾಲವಾಯಿತು, ಚಾಕು ಆ ಹೆಸರನ್ನು ಬಿಡಲಿಲ್ಲ. ಇನ್ನೊಂದು, ದಪ್ಪನೆಯದು, ‘ಜಾಕ್ ನೈಫ್’. ಈ ಜಾಕ್ ಯಾರೋ ಯಾರಿಗೂ ಖಚಿತವಿಲ್ಲ. ಚಾಕು ಮಾಡಿದವನ ಹೆಸರು ಎಂದು ಒಂದು ಕಥೆ, ಅದಕ್ಕೆ ಆಧಾರವಿಲ್ಲ. ಹಡಗಿನ ಆಳು, ಮನೆಯ ಆಳು, ಯಾರಾದರೂ ಸರಿ, ಹೆಸರು ಕೇಳದೆ ಜಾಕ್ ಎಂದು ಕೂಗುತ್ತಿದ್ದರಂತೆ. ಅಂಥವರ ಜೇಬಿನಲ್ಲಿ ಇರುತ್ತಿದ್ದದ್ದು ಎಂದು ಇನ್ನೊಂದು ಊಹೆ. ಇದನ್ನು ಓದಿ ನಿನ್ನ ಮೂಗಿನ ತುದಿ ಕೆಂಪಾಗುತ್ತದೆಂದು ಗೊತ್ತು.

ರಾತ್ರಿಗಳು ವಿಚಿತ್ರವಾಗಿವೆ. ನಿದ್ದೆಯಲ್ಲಿ ನಮ್ಮ ಕಚೇರಿಯ ಡ್ರಾಯರುಗಳು ತಾವಾಗಿ ತೆರೆದುಕೊಳ್ಳುತ್ತವೆ. ಕಾರ್ಡುಗಳು ಪಾರಿವಾಳಗಳ ಹಾಗೆ ಎದ್ದು ಬೈಂಡಿಂಗ್ ಮನೆಯ ಕಡೆ ಹಾರುತ್ತವೆ, ಗೇಟಿನ ಮೇಲೆ ಸಾಲಾಗಿ ಕೂರುತ್ತವೆ. ಕೆಳಗೆ ಯಾರೋ ಹೆಂಗಸರು ಕೂತಿರುತ್ತಾರೆ. ಅವರ ಮಧ್ಯೆ ನಿನ್ನಮ್ಮ. ಅವಳು ತಲೆ ಎತ್ತುವುದರೊಳಗೆ ಬೆಳಗಾಗಿರುತ್ತದೆ.

ಒಂದು ಕೇಳಬೇಕು. ವಕೀಲರು ವರದಿಯ ನಕಲು ತೋರಿಸಿದರು. ‘ಅಧಿಕಾರಿಯು ಕೇಳಿದಾಗ ಆರೋಪಿಯು ಜೇಬಿನಿಂದ ಚಾಕುವನ್ನು ತೆಗೆದು, ಬಿಚ್ಚಿ, ಅವರ ಕಡೆ ಚಾಚಿದಳು.’ ಜೇಬಿನಲ್ಲಿ ಇದ್ದದ್ದು ಬೇರೆ ಮಾತು ಪುಟ್ಟಿ. ನೀನು ಬಿಚ್ಚಿದ್ದು ನಿಜವೇ?

ನಿನ್ನ
ಅಪ್ಪ

*

ಮಾರ್ಚ್ 20

ಹೌದು. ಬಿಚ್ಚಿದೆ.

ವಕೀಲರೂ ಅದನ್ನೇ ಕೇಳಿದರು, ಅದೇ ಮುಖ ಮಾಡಿಕೊಂಡು. ಸುಳ್ಳು ಹೇಳಲೇ? ಕೇಳಿದರು, ಬಿಚ್ಚಿದೆ, ಚಾಚಿದೆ. ಮತ್ತೇನು ಮಾಡಬೇಕಿತ್ತು?

ಪೊಲೀಸರು ಅನುಮಾನಿಸಿದ್ದು ಸಹಜ. ನನ್ನನ್ನು ಹೆತ್ತವರೂ ಹೀಗೆ ಕೇಳುತ್ತಾರೆಂದು ಎಣಿಸಿರಲಿಲ್ಲ. ಜಾಕ್ ಯಾರೆಂದು ನಿಮಗೆ ಗೊತ್ತಾಗಲಿಲ್ಲ ಅಲ್ಲವೇ. ಹೆಸರು ಕೇಳದೆ ಕೂಗಿಸಿಕೊಂಡವರು ಯಾರು ಎಂದು ನಮ್ಮ ಹಾಲಿನಲ್ಲಿ ಕೇಳಿದ್ದರೆ ಹೇಳುತ್ತಿದ್ದರು. ಮೇಲ್ವಿಚಾರಕ ಚಪ್ಪಾಳೆ ತಟ್ಟಿ ಕರೆಯುತ್ತಾನೆ, ಅಷ್ಟೆ.

ಇನ್ನು ಬರೆಯಬೇಡಿ. ಪದಗಳ ಮನೆತನ ತಿಳಿದುಕೊಂಡು ನನಗೆ ಆಗಬೇಕಾದದ್ದೇನೂ ಇಲ್ಲ.

*

ಏಪ್ರಿಲ್ 22

ಪುಟ್ಟಿಗೆ,

ಬರೆಯಬೇಡಿ ಎಂದು ನೀನು ಅಂದಿದ್ದೆ. ಒಂದು ತಿಂಗಳು ಬರೆಯಲಿಲ್ಲ. ಇವತ್ತು ಬರೆಯದಿದ್ದರೆ ಆಗುವುದಿಲ್ಲ.

ನಿನ್ನೆ ಸಂಜೆ ಅತ್ತೆ ಸೇಬು ತಂದಿದ್ದಳು. ಚಾಕು ಕೊಡು ಎಂದೆ. ಮಡಿಚಿದ್ದನ್ನು ಹಾಗೇ ಕೊಟ್ಟಳು. ನನ್ನ ಕೈಯೆಲ್ಲ ಗೋಂದು, ಕಾರ್ಡು ಅಂಟಿಸುತ್ತಿದ್ದೆ. ಅಲಗನ್ನು ಎಳೆಯಲು ಹೋದೆ, ಉಗುರು ಜಾರಿತು, ಸ್ಪ್ರಿಂಗು ಬಿಗಿ, ಅರ್ಧ ಬಂದ ಅಲಗು ಪಟ್ಟನೆ ವಾಪಸು ಮುಚ್ಚಿ ಹೆಬ್ಬೆರಳಿಗೆ ಗಾಯ.

“ಬಿಚ್ಚಿ ಕೊಡಬಾರದಾ?” ಎಂದೆ, ನೋವಿಗೆ.

“ಬಿಚ್ಚಿದ ಚಾಕು ಯಾರಾದ್ರೂ ಕೊಡ್ತಾರಾ? ಕೊಲೆಗೆ ಬಂದ ಹಾಗೆ” ಎಂದಳು.

“ಎಲ್ಲರೂ ಬಿಚ್ಚೇ ಕೊಡ್ತಾರೆ.”

“ಯಾರಪ್ಪಾ ಆ ಎಲ್ಲರೂ?”

ಹೆಸರುಗಳನ್ನು ಎಣಿಸಲು ಹೋದೆ. ಎಲ್ಲರೂ ಅಲ್ಲ. ಒಬ್ಬಳೇ. ನಿನ್ನಮ್ಮ. ಮದುವೆಯಾದ ದಿನದಿಂದ, ಆ ಕೆಮ್ಮು ಅವಳನ್ನು ಕೊಂಡೊಯ್ಯುವ ತನಕ, ಮನೆಯಲ್ಲಿ ನಾನು ಚಾಕು ಕೇಳಿದಾಗಲೆಲ್ಲ ಅವಳು ಅದನ್ನು ಬಿಚ್ಚಿ, ಅಲಗಿನ ಬೆನ್ನನ್ನು ತನ್ನ ಅಂಗೈಗೆ ಒತ್ತಿಕೊಂಡು, ಹಿಡಿಯನ್ನು ನನ್ನ ಕಡೆ ಚಾಚುತ್ತಿದ್ದಳು. ಅವಳದೊಂದು ರೀತಿ ಎಂದುಕೊಂಡಿದ್ದೆ. ಕೆಲವರು ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಾರಲ್ಲ, ಹಾಗೆ. ಅವಳು ಅದನ್ನು ಎಲ್ಲಿಂದ ತಂದಳು ಎಂದು ಒಂದು ದಿನವೂ ಕೇಳಲಿಲ್ಲ. ಹಿಮದ ಕಣಿವೆಯ ಆಚೆಗೂ ಹೋಗಿ ಕೇಳಿಬಂದವನು ನಾನು.

ಅವಳು ನಿಮ್ಮ ಹಾಲಿನಲ್ಲಿ ದುಡಿದವಳು. ನೀನು ಅವಳ ಜಾಗದಲ್ಲಿ ಕೂತವಳು.

ಬೆರಳಿಗೆ ಬಟ್ಟೆ ಸುತ್ತಿಕೊಂಡು ಮಲಗಿದೆ. ಈ ಸಲ ಕನಸಿನಲ್ಲಿ ಅವಳು ಗೇಟಿನ ಹತ್ತಿರ ತಲೆ ಎತ್ತಿದಳು. ಅಂಗೈ ಚಾಚಿದಳು. ಅಂಗೈಯಲ್ಲಿ ಏನೂ ಇರಲಿಲ್ಲ, ಉದ್ದಕ್ಕೆ ಒಂದು ಗೆರೆ ಮಾತ್ರ, ಅಲಗಿನ ಬೆನ್ನು ಒತ್ತಿ ಒತ್ತಿ ಆದದ್ದು.

ನಾನು ಕೇಳಿದ್ದ ಪ್ರಶ್ನೆಯೇ ಸರಿಯಿರಲಿಲ್ಲ. ಈಗ ಇನ್ನೊಂದು ಕೇಳುತ್ತೇನೆ. ಉತ್ತರ ಬರೆಯದೆ ಇರಬೇಡ. ನೀನು ಚಾಕು ಚಾಚಿದಾಗ ಹಿಡಿ ಯಾರ ಕಡೆ ಇತ್ತು?

ಅಪ್ಪ

*

ಏಪ್ರಿಲ್ 27

ಅಪ್ಪಾ,

ಇದೂ ಒಂದು ಪ್ರಶ್ನೆಯಾ ಎಂದು ಮೊದಲು ಸಿಟ್ಟು ಬಂತು. ಹಿಡಿ ಇನ್ನೆಲ್ಲಿರುತ್ತದೆ? ಅವರ ಕಡೆ. ಅಲಗು ನನ್ನ ಅಂಗೈಯಲ್ಲಿ. ಬೇರೆ ಹೇಗೆ ಕೊಡುತ್ತಾರೆ?

ನಮ್ಮ ಹಾಲಿನಲ್ಲಿ ಎಲ್ಲರ ಬೆರಳೂ ಅಂಟು. ಮಡಿಚಿದ ಚಾಕು ಕೊಟ್ಟರೆ ತೆಗೆದುಕೊಂಡವಳು ಬಿಚ್ಚಲು ಹೋಗಿ ಜಾರಿಸಿಕೊಳ್ಳುತ್ತಾಳೆ. ಹಾಗೆ ಹೆಬ್ಬೆರಳಿನ ತುದಿ ಹೋದವರು ಇದ್ದಾರೆ. ಅದಕ್ಕೇ ಸೇರಿದ ಮೊದಲ ದಿನ ಹೊಲಿಗೆಯ ದೊಡ್ಡಕ್ಕ ಕಲಿಸುವುದು ಇದನ್ನು. ಮಡಿಚಿ ಕೊಡುವವಳು ತನ್ನ ಕೆಲಸವನ್ನು ಇನ್ನೊಬ್ಬಳ ಬೆರಳಿಗೆ ಹಾಕಿದಳು ಎಂದು ಬೈಯುತ್ತಾರೆ. ಬಿಚ್ಚುವ ಅಪಾಯ ಕೊಡುವವಳದು. ನನಗೆ ಅದು ಉಸಿರಾಟದ ಹಾಗೆ. ಹೇಳಬೇಕು ಎಂದೇ ಹೊಳೆಯಲಿಲ್ಲ.

ಆ ಅಧಿಕಾರಿ “ಏನಮ್ಮಾ ಜೇಬಲ್ಲಿ, ಕೊಡು ಇಲ್ಲಿ” ಎಂದ. ಅವನ ಕೈಗೂ ಗಾಯವಾಗಬಾರದೆಂದು ಬಿಚ್ಚಿ ಕೊಟ್ಟೆ. ಹಿಂದಕ್ಕೆ ಹಾರಿದ. ಯಾಕೆ ಹಾರಿದ ಎಂದು ಈಗ ತಿಳಿಯಿತು.

ನಿಮ್ಮ ಪತ್ರ ಓದಿದ ಮೇಲೆ ಮೇಟ್ರನ್ನರನ್ನು ಕೇಳಿದೆ, ನಿಮ್ಮ ಮನೆಯಲ್ಲಿ ಮಡಿಚುವ ಚಾಕು ಹೇಗೆ ಕೊಡುತ್ತೀರಿ ಎಂದು. “ಮಡಿಸಿ ಕೊಡ್ತೀನಿ ಕಣಮ್ಮ, ಮರ್ಯಾದಸ್ಥರು ಹಾಗೆ ತಾನೇ ಕೊಡೋದು” ಎಂದರು. ಮತ್ತೆ, “ಯಾಕೆ, ನೀವು?” ಎಂದರು. ನಾನು ಚಮಚ ಹಿಡಿದು ತೋರಿಸಿದೆ. ಅವರು ಹಿಡಿ ತೆಗೆದುಕೊಂಡರು. “ಇದನ್ನ ಕೋರ್ಟಲ್ಲಿ ಯಾರೂ ಹೇಳಲಿಲ್ವಾ?” ಎಂದರು.

ಯಾರೂ ಹೇಳಲಿಲ್ಲ. ಬಿಚ್ಚಿದೆಯಾ ಎಂದು ಎಲ್ಲರೂ ಕೇಳಿದರು. ಹೇಗೆ ಎಂದು ಯಾರೂ ಕೇಳಲಿಲ್ಲ. ವರದಿ ಬರೆದವನ ಮೂಗಿನ ಕೆಳಗೆ ಹಿಡಿ ಇತ್ತು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದ. ನಮ್ಮ ವಿಷಯದಲ್ಲಿ ಇವರು ಬರೆಯುವುದೆಲ್ಲ ಹೀಗೆಯೇ, ಒಂದು ಅಕ್ಷರವೂ ಸುಳ್ಳಿರುವುದಿಲ್ಲ.

ಅಮ್ಮನ ಬಗ್ಗೆ ನೀವು ಬರೆದದ್ದನ್ನು ಕತ್ತರಿಸದೆ ಕೊಟ್ಟಿದ್ದಾರೆ. ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದೇನೆ.

ಪುಟ್ಟಿ

*

ಮೇ 10

ಪುಟ್ಟಿಗೆ,

ವಕೀಲರಿಗೆ ನಿನ್ನ ಪತ್ರ ತೋರಿಸಿದೆ. ಹಣೆ ಹಣೆ ಚಚ್ಚಿಕೊಂಡರು, “ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದಳು” ಎಂದರು. ಹಾಲಿನಿಂದ ದೊಡ್ಡಕ್ಕ ಸಾಕ್ಷಿಗೆ ಬರುತ್ತಾರೆ. ಆದರೆ ಜೊತೆಯ ಕೆಲಸಗಾರರು ಗೆಳತಿಯ ಪರ ಹೇಳಿಯೇ ಹೇಳುತ್ತಾರೆ ಎಂದು ಆ ಕಡೆಯವರು ತಳ್ಳಿಹಾಕಬಹುದಂತೆ. ಹಾಲಿಗೆ ಸೇರದ ಒಬ್ಬರು, ಆ ರೀತಿಯನ್ನು ಹೊರಗಿನಿಂದ ಕಂಡವರು ಬೇಕು. ನಾನೇ ಹೇಳುತ್ತೇನೆ ಎಂದೆ.

ನಮ್ಮ ಮುಖ್ಯಸ್ಥರು ಕರೆಸಿದ್ದರು. “ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಆದರೆ ಬೈಂಡಿಂಗ್ ಮನೆಯೂ ಕಚೇರಿಯೂ ಒಂದೇ ಸಂಸ್ಥೆ. ನಮ್ಮವರು ನಮ್ಮ ವಿರುದ್ಧ ಕಟಕಟೆ ಹತ್ತಿದರೆ ನೋಡುವವರು ಏನಂತಾರೆ?” ಎಂದರು. ಅವರ ಮೇಜಿನ ಮೇಲೆ ‘ಹ’ದ ಕರಡು ಇತ್ತು. ಕೊನೆಯ ಅಕ್ಷರಗಳು. ನಾನಿಲ್ಲದೆಯೂ ಮುಗಿಯುತ್ತದೆ.

ಏನಂತಾರೋ ಅನ್ನಲಿ ಎಂದು ಹೇಳಿ ಬಂದೆ. ದನಿ ಸ್ವಲ್ಪ ಏರಿತು. ಹೊರಗೆ ಬಂದು ನೀರು ಕುಡಿದೆ.

ಅಪ್ಪ

*

ಮೇ 24

ಅಪ್ಪಾ,

ಕೋರ್ಟಿನಲ್ಲಿ ಸಾಕ್ಷಿಗಳನ್ನು ಹೊರಗೆ ಕೂರಿಸಿದ್ದರಿಂದ ಮೊದಲು ನಡೆದದ್ದು ನಿಮಗೆ ಗೊತ್ತಿಲ್ಲ. ಆಮೇಲೆ ನಮಗಿಬ್ಬರಿಗೂ ಮಾತಾಡಲು ಬಿಡಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ದೊಡ್ಡಕ್ಕ ಎಲ್ಲ ಹೇಳಿದರು. ಸರ್ಕಾರದ ವಕೀಲ ನಕ್ಕ. “ವಕೀಲರು ಚೆನ್ನಾಗಿ ಪಾಠ ಮಾಡಿದ್ದಾರೆ” ಎಂದ. “ನನಗೆ ಪಾಠ ಮಾಡೋ ಅಷ್ಟು ವಯಸ್ಸು ಅವರಿಗಾಗಿಲ್ಲ ಬಿಡಿ” ಎಂದರು ದೊಡ್ಡಕ್ಕ. ಮೇಜಿನ ಮೇಲಿದ್ದ ನನ್ನ ಚಾಕುವನ್ನು ಅವನೇ ಅವರಿಗೆ ಕೊಟ್ಟು, ಗುರುತು ಹಚ್ಚಿ ಎಂದ. ತಿರುಗಿಸಿ ನೋಡಿ, ಹೌದು ಹುಡುಗಿಯದೇ ಎಂದರು. “ಸರಿ, ಕೊಡಿ ಈ ಕಡೆ” ಎಂದು ಅವನು ತನ್ನ ಕಾಗದ ನೋಡುತ್ತಲೇ ಕೈ ಚಾಚಿದ.

ಅಪ್ಪಾ, ಅವರು ಯೋಚಿಸಲಿಲ್ಲ. ಅವರ ಮನಸ್ಸು ಮುಂದಿನ ಪ್ರಶ್ನೆಯ ಮೇಲಿತ್ತು. ಕೈ ತಾನಾಗಿ ಬಿಚ್ಚಿತು, ಅಲಗನ್ನು ಅಂಗೈಗೆ ತಿರುಗಿಸಿತು, ಹಿಡಿಯನ್ನು ಮುಂದೆ ಮಾಡಿತು. ಅವನು ಕಾಗದದಿಂದ ತಲೆ ಎತ್ತಿದ, ಕುರ್ಚಿ ಸಮೇತ ಹಿಂದಕ್ಕೆ ಸರಿದ. ಆ ಪೊಲೀಸಿನವನ ಹಾಗೆಯೇ. ಕುರ್ಚಿಯ ಕಾಲು ನೆಲಕ್ಕೆ ಕಿರ್ರೆಂದದ್ದು ಇನ್ನೂ ಕಿವಿಯಲ್ಲಿದೆ. ಮೇಲೆ ಫ್ಯಾನು ನಿಧಾನ ತಿರುಗುತ್ತಿತ್ತು, ಎಲ್ಲ ನೀರೊಳಗೆ ನಡೆಯುತ್ತಿದ್ದ ಹಾಗೆ. ದೊಡ್ಡಕ್ಕ ಹಾಗೇ ನಿಂತಿದ್ದರು, “ತಗೋಳಪ್ಪ, ಭಯ ಪಡಬೇಡ” ಎನ್ನುತ್ತ. ಮ್ಯಾಜಿಸ್ಟ್ರೇಟ್ ಅವರೇ ಎದ್ದು ಬಂದು ಹಿಡಿ ತೆಗೆದುಕೊಂಡರು.

ಆಮೇಲೆ ನೀವು ಬಂದಿರಿ. ಆಯುಧವೋ ಉಪಕರಣವೋ, ಪದಕೋಶದವರು ಹೇಳಿ ಎಂದು ಕೇಳಿದಾಗ, “ಅದು ನನಗೆ ಬೇಕಾದ ಪ್ರಶ್ನೆಯಲ್ಲ. ನನ್ನ ಹೆಂಡತಿ ನನಗೆ ಚಾಕು ಹೇಗೆ ಕೊಡುತ್ತಿದ್ದಳು ಹೇಳುತ್ತೇನೆ” ಎಂದಿರಿ. ಖಾಲಿ ಕೈಯಲ್ಲಿ ತೋರಿಸಿದಿರಿ. ನನ್ನ ಕಡೆ ನೋಡಲಿಲ್ಲ. ಒಳ್ಳೆಯದಾಯಿತು, ನೋಡಿದ್ದರೆ ಇಬ್ಬರೂ ಕೆಡುತ್ತಿದ್ದೆವು.

ಆಯುಧದ ಆರೋಪ ಬಿತ್ತು. ಉಳಿದದ್ದು ಗೇಟು ತಡೆದ ಸಣ್ಣ ಕೇಸು. ಇನ್ನು ಗೇಟಿನ ಎದುರು ನಿಲ್ಲುವುದಿಲ್ಲ ಎಂದು ಬರೆದುಕೊಟ್ಟರೆ ಅವತ್ತೇ ಮನೆಗೆ ಹೋಗು ಎಂದರು. ನಾನು ಒಲ್ಲೆ ಎಂದದ್ದನ್ನು ನೀವು ಕೇಳಿಸಿಕೊಂಡಿರಿ. ವಕೀಲರು ತಲೆ ಹಿಡಿದುಕೊಂಡರು. ಅಲ್ಲಿ ನಿಲ್ಲುವುದು ತಪ್ಪಲ್ಲ ಎಂದು ಹೇಳಲು ಇಷ್ಟು ತಿಂಗಳು ಕೂತವಳು ಇವತ್ತು ತಪ್ಪು ಎಂದು ಬರೆದುಕೊಟ್ಟು ಎದ್ದರೆ, ಅಲ್ಲಿ ಕೂತಿರುವವರ ಬೆರಳಿಗೆ ನನ್ನ ಕೆಲಸ ಹಾಕಿದ ಹಾಗೆ. ಮುಂದಿನ ವಿಚಾರಣೆಯ ತನಕ ಒಳಗೇ ಇರುತ್ತೇನೆ.

ನಿಮಗೆ ಸಿಟ್ಟು ಬಂದಿದ್ದರೆ ಬಂದಿದೆ ಎಂದೇ ಬರೆಯಿರಿ.

ನಿಮ್ಮ
ಪುಟ್ಟಿ

*

ಮೇ 27

ಪುಟ್ಟಿ,

ಸಿಟ್ಟು ಬಂತು. ಕೋರ್ಟಿನ ಮೆಟ್ಟಿಲು ಇಳಿಯುವ ತನಕ ಇತ್ತು. ಕೆಳಗೆ ನಿಮ್ಮ ಹಾಲಿನವರೆಲ್ಲ ನಿಂತಿದ್ದರು. ಅತ್ತೆ ಅವರ ಮಧ್ಯೆ ನಿಂತು ನಿನ್ನನ್ನು ಬೈಯುತ್ತಿದ್ದಳು, “ಹಟಮಾರಿ, ಅಪ್ಪನ ಹಾಗಲ್ಲ, ಅಮ್ಮನ ಹಾಗೆ.” ಬೈಗುಳವೋ ಹೊಗಳಿಕೆಯೋ, ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಸಿಟ್ಟು ಎಲ್ಲಿಗೋ ಹೋಗಿತ್ತು.

ಬರೆದುಕೊಡು ಎಂದು ನಾನು ಹೇಳುವುದಿಲ್ಲ. ಹೇಳಬಾರದೆಂದು ಅತ್ತೆಗೂ ಹೇಳಿದ್ದೇನೆ. ಅವಳು ಕೇಳುವುದಿಲ್ಲ, ಅದು ಬೇರೆ.

ಕಚೇರಿಯಲ್ಲಿ ನನ್ನ ಮೇಜನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ಮುಂದಿನ ಆದೇಶದವರೆಗೆ ವಿಶ್ರಾಂತಿಯಂತೆ. ಮೊದಲ ದಿನ ಮನೆಯಲ್ಲಿ ಏನು ಮಾಡಬೇಕೋ ತೋಚದೆ ಬೀದಿಬೀದಿ ನಡೆದೆ. ಬೆಳಗಿನ ಬೀದಿ ಇಷ್ಟು ಅಗಲವಿರುತ್ತದೆಂದು ಗೊತ್ತಿರಲಿಲ್ಲ. ಕಾಲು ತಾನಾಗಿ ಬೈಂಡಿಂಗ್ ಮನೆಯ ಕಡೆ ಹೋಯಿತು. ದೊಡ್ಡಕ್ಕ ಪಕ್ಕಕ್ಕೆ ಸರಿದು ಜಾಗ ಮಾಡಿದರು. “ಕೂತ್ಕೊಳ್ಳಿ, ಇಲ್ಲಿ ಅರ್ಥಗಿರ್ಥ ಏನೂ ಕೇಳಲ್ಲ” ಎಂದರು. ಸಂಜೆಯ ತನಕ ಕೂತೆ. ಬಿಸಿಲು ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ಹೋಗುವುದನ್ನು ನೋಡುತ್ತ. ಯಾರೋ ಎಬ್ಬಿಸಿದಾಗ ನಾನು ನಿದ್ದೆ ಮಾಡಿರಲಿಲ್ಲ, ಆದರೂ ಎಚ್ಚರಾದ ಹಾಗಾಯಿತು.

ಈ ನಾಲ್ಕು ತಿಂಗಳಲ್ಲಿ ನಿನಗೆ ಬರೆದೆ, ನಿನ್ನನ್ನು ನೋಡಲು ಬರಲಿಲ್ಲ. ಭೇಟಿಯ ಕೋಣೆಯಲ್ಲಿ ಮೇಜಿನ ಈಚೆ ಕೂತು ಏನು ಹೇಳಬೇಕೆಂದು ಹೊಳೆಯುತ್ತಿರಲಿಲ್ಲ. ಈಗಲೂ ಹೊಳೆಯುವುದಿಲ್ಲ. ಹೊಳೆಯದೆಯೇ ಬರುತ್ತೇನೆ. ಮೇಟ್ರನ್ನರಿಗೆ ಹೇಳಿ ಚೀಟಿ ಮಾಡಿಸಿದ್ದೇನೆ.

ಸೋಮವಾರ ಬೆಳಗ್ಗೆ ಎಂಟು ಗಂಟೆಗೆ, ನಿನ್ನ ಜಾಗದಲ್ಲಿ, ಗೇಟಿನ ಎದುರು.

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ, ನಿನ್ನ ಎದುರು.

ಅಪ್ಪ